ಮೂರು ಬಿಟ್ಟು

ಸುಣ್ಣದಕೇರಿಯ ನಮ್ಮ ಅಚ್ಚುಕೂಟದಲ್ಲಿ
ಇಂಗ್ಲಿಷ್ ಕೇಸು ಅಂತ ಇದ್ದದ್ದು ಒಂದೇ,
ಅದರ ಮೂಲೆಯ ಖಾನೆಯಲ್ಲಿ ಎಕ್ಸ್ ಮೂವತ್ತೊಂದು.
ಮದುವೆ ಕಾಗದಕ್ಕೆ ಅವು ಬೇಡ,
ವೈಕುಂಠ ಸಮಾರಾಧನೆಗೆ ಬೇಡ,
ಸೌದೆ ಡಿಪೋ ರಸೀದಿಗೂ ಬೇಡ.
ಬಂದ ದಿನದಿಂದ ಮಲಗಿಯೇ ಇದ್ದವು, ಮಸಿ ಸೋಕದೆ.

ಆಮೇಲೆ ಗರುಡಾಚಾರ್ ಮೇಷ್ಟ್ರು ಬಂದರು.
ಸೈಕಲ್ ಹ್ಯಾಂಡಲಿಗೆ ಚೀಲ, ಚೀಲದಲ್ಲಿ
ಹತ್ತನೇ ಕ್ಲಾಸಿನ ಬೀಜಗಣಿತ, ಕೈಬರಹ,
ಪುಟಕ್ಕೆ ಐವತ್ತು ಎಕ್ಸ್.

ಅರ್ಧ ಪುಟ ಜೋಡಿಸು, ಅಚ್ಚು ಹಾಕು, ಮೊಳೆ ಬಿಚ್ಚು,
ಸೀಮೆಎಣ್ಣೆಯಲ್ಲಿ ತೊಳೆ, ಮತ್ತೆ ಜೋಡಿಸು.
ಟ್ರೆಡಲ್ ತುಳಿಯುವ ಖುದ್ದೂಸ್ ಗೊಣಗಿದ:
“ಇದೇನು ಬುಕ್ಕೋ, ತೀರದ ಬಡ್ಡಿಯೋ?”

ಹದಿನೇಳನೇ ಲೆಕ್ಕ. ಮರೆತಿಲ್ಲ.

x² − 9
――――――――
x² − 5x + 6

ಮೇಲೂ x², ಕೆಳಗೂ x².
ಎಂಟಕ್ಕೇ ಸ್ಕೂಲು ಬಿಟ್ಟವನ ಜಿಪುಣಬುದ್ಧಿ:
ಮೇಷ್ಟ್ರು ಹೊಡೆಯೋದು ಮರೆತಿರಬೇಕು, ಅಂದುಕೊಂಡೆ.
ಎರಡು ಎಕ್ಸ್, ಎರಡು ಪುಟಾಣಿ ಎರಡು ಉಳಿತಾಯ,
ಚಿಮಟದಲ್ಲಿ ಕಿತ್ತು ಖಾನೆಗೆ ಹಾಕಿಯೇಬಿಟ್ಟೆ.

ಪ್ರೂಫು ನೋಡಿದವರು ಬೈಯಲಿಲ್ಲ. ಸ್ಟೂಲು ಎಳೆದು ಕೂತರು.
“ಬಸವಣ್ಣಿ, ಎಕ್ಸಿಗೆ ನಾಲ್ಕು ಹಾಕು.
ನನ್ನದು ಏಳು ಬೈ ಎರಡು.
ನಿನ್ನದು ಒಂಬತ್ತು ಬೈ ಹದಿನಾಲ್ಕು.
ಮೂರೂವರೆ ಸೇರು ಅಕ್ಕಿಗೆ ಹೋದೋನು
ಮುಕ್ಕಾಲು ಸೇರೂ ತರದೆ ಬಂದಹಾಗಾಯ್ತಲ್ಲಪ್ಪ.

ಕೂಡಿಕೊಂಡು ಇರೋರನ್ನ ಹೊಡೀಬಾರದು,
ಅವರ ಕೈ ಪಕ್ಕದೋರ ಹೆಗಲ ಮೇಲಿರುತ್ತೆ.
ಗುಣಿಸಿಕೊಂಡು ನಿಂತೋರು, ಕಂಸದ ಬಾಗಿಲು ಹಾಕಿಕೊಂಡು
ಇಡಿಯಾಗಿ ನಿಂತೋರು, ಅಂಥೋರನ್ನ ಮಾತ್ರ.
ಮೊದಲು ಅಪವರ್ತಿಸು.”

ಒಂಬತ್ತು ಅಂದರೆ ಮೂರ್ಮೂರ್ಲಿ.
ಆರು ಅಂದರೆ ಎರಡ್ಮೂರ್ಲಿ, ಐದು ಅಂದರೆ ಎರಡೂ ಮೂರೂ.

(x − 3)(x + 3)
――――――――
(x − 3)(x − 2)

ಮೊಳೆ ಇನ್ನೂ ಜಾಸ್ತಿಯಾಯಿತು!
ಮೂರು ಎಕ್ಸ್ ಇದ್ದಲ್ಲಿ ನಾಲ್ಕು, ಸಾಲದ್ದಕ್ಕೆ ಕಂಸ ಎಂಟು.
ಸುಲಭ ಮಾಡೋದು ಇಷ್ಟು ದುಬಾರಿಯೇ ಸಾರ್, ಅಂದೆ.
“ಮಡಿಸೋಕೆ ಮುಂಚೆ ಪಂಚೆ ಹರವಬೇಕಲ್ಲಯ್ಯ.”

ಅವರು ಬೆರಳಿಟ್ಟ ಕಡೆ ಕಿತ್ತೆ,
ಮೇಲಿಂದ ಒಂದು (x − 3), ಕೆಳಗಿಂದ ಒಂದು.
ಅಂಗೈಯಲ್ಲಿ ಸೀಸದ ತಣ್ಣನೆ ಭಾರ.
ಉಳಿದದ್ದು ಇಷ್ಟೇ ಇಷ್ಟು:

x + 3
―――
x − 2

ಕೇಸಿನ ಕಡೆ ತಿರುಗಿದವನನ್ನು ತಡೆದರು.
“ಹೋದದ್ದರ ಗುರುತು ಇರಲಿ. ಪಕ್ಕದಲ್ಲಿ, ಸಣ್ಣಗೆ:
ಎಕ್ಸು ಮೂರಲ್ಲ.
ಎರಡಾಗಬಾರದು ಅನ್ನೋದು ಛೇದದಲ್ಲಿ ಕಾಣ್ತಾ ಇದೆ,
ಮೂರಾಗಬಾರದು ಅನ್ನೋದು ಈಗ ಎಲ್ಲೂ ಕಾಣಲ್ಲ.
ಇರ್ವಿನ್ ರೋಡಲ್ಲಿ ಮುಚ್ಚಳ ಹೋದ ಮೋರಿಗೆ
ಯಾರೋ ಬೇವಿನ ಕೊಂಬೆ ಸಿಗಿಸಿರ್ತಾರಲ್ಲ, ಹಾಗೆ.”

‘ಸಮವಲ್ಲ’ದ ಮೊಳೆ ನಮ್ಮಲ್ಲಿರಲಿಲ್ಲ.
ಸಮದ ಮೊಳೆಗೇ ಓರೆಯಾಗಿ ಗರಗಸ ಹಾಕಿ
ಹಿತ್ತಾಳೆ ರೂಲಿನ ಚೂರೊಂದು ಬಡಿದು ಕೂರಿಸಿದೆ.
ರಾತ್ರಿ ಒಂಬತ್ತು. ಖುದ್ದೂಸ್ ಬೀಡಿ ಹಚ್ಚಿ ಕಾಯುತ್ತಿದ್ದ.
ಇಪ್ಪತ್ತು ವರ್ಷ ಅಕ್ಷರವನ್ನೆಲ್ಲ ತಿರುವಿ ಓದಿದವನು
ಅದೊಂದು ಸಲ ನೆಟ್ಟಗೆ ಯೋಚಿಸಿದ್ದೆ.
ಕಾಗದದ ಮೇಲೆ ಗೀಟು ಹಿಂದಕ್ಕೆ ವಾಲಿಕೊಂಡಿತು.

ಸಾವಿರ ಪ್ರತಿಯಲ್ಲೂ ಹಾಗೇ.
ಮೇಷ್ಟ್ರು ಕನ್ನಡಕ ಒರೆಸಿ, ತುಂಬಾ ಹೊತ್ತು ನೋಡಿ,
“ಇರಲಿ ಬಿಡು” ಅಂದರು,
“ಯಾವ ಕಡೆ ವಾಲಿದರೂ ಅಲ್ಲ ಅಂದರೆ ಅಲ್ಲ ತಾನೆ.”

ಆಫ್‌ಸೆಟ್ ಬಂತು. ಮೊಳೆಯೆಲ್ಲ ಕೇಜಿ ಲೆಕ್ಕದಲ್ಲಿ
ಮಂಡಿ ಮೊಹಲ್ಲಾದ ತಕ್ಕಡಿಗೆ ಹೋಯಿತು,
ಮೂವತ್ತೊಂದು ಎಕ್ಸೂ ಸೇರಿ.
ಮೂವತ್ತಿರಬೇಕು, ಒಂದು ಯಾವತ್ತೋ ನೆಲದ ಸಂದಿಗೆ ಬಿದ್ದಿತ್ತು.

ಓರೆ ಗೀಟಿನದನ್ನು ಕೊಡಲಿಲ್ಲ.
ಎಲೆಅಡಿಕೆ ಸಂಚಿಯಲ್ಲಿದೆ.
ಸುಣ್ಣದ ಡಬ್ಬಿ ತಡಕುವಾಗ
ಬೆರಳಿಗೆ ಮೊದಲು ಅದೇ ಚುಚ್ಚುತ್ತದೆ.